ಆವೃತ್ತಿ ೫.೮, ಮೂರನೆಯ ಸಾಲು

ಶವಸಂಸ್ಕಾರ ಮುಗಿದು, ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ಒಂದು ಸಾಫ್ಟ್‌ವೇರ್ ಕಂಪನಿಯ ವೆಬ್‌ಸೈಟಿನಲ್ಲಿ ನಾಲ್ಕು ಸಾಲಿನ ಪುಟವೊಂದು ಪ್ರಕಟವಾಯಿತು. ಅಂದು ಮಾರ್ಚ್ ೪, ಬುಧವಾರ. ಆ ಪುಟದ ಸುದ್ದಿ ಪೊಲೀಸ್ ಠಾಣೆಗೆ ತಲುಪಿದ್ದು ಮಾರ್ಚ್ ೧೬ರ ಸೋಮವಾರ, ಅದೂ ಬೇರೊಂದು ದೂರಿನ ಬೆನ್ನು ಹತ್ತಿ.

ದೂರು ತಂದವರು ಲಸಿಕೆ ಉಗ್ರಾಣದ ವೈದ್ಯಾಧಿಕಾರಿ. ತಮ್ಮ ಸ್ಟೋರ್‌ಕೀಪರ್‌ನನ್ನೂ ಜೊತೆಗೇ ಕರೆತಂದಿದ್ದರು. ಅವನು ಬೆಂಚಿನ ತುದಿಯಲ್ಲಿ, ಬೀಳುವ ಹಾಗೆ ಕುಳಿತಿದ್ದ.

"ಶೀತಲ ಕೊಠಡಿ ಪೂರ್ತಿ ಹೋಯ್ತು. ಒಂದು ಡೋಸೂ ಉಳಿದಿಲ್ಲ. ಎಳೆ ಮಕ್ಕಳ ಲಸಿಕೆ ಇನ್ಸ್‌ಪೆಕ್ಟರೇ," ಎಂದರು ವೈದ್ಯೆ. "ಇವನು ಶನಿವಾರ ಮಧ್ಯಾಹ್ನ ಬೀಗ ಹಾಕಿ ಹೋದವನು ಭಾನುವಾರ ಸಂಜೆ ಬಂದಿದಾನೆ."

ಇನ್ಸ್‌ಪೆಕ್ಟರ್ ಬೆಂಚಿನ ಕಡೆ ತಿರುಗಿದರು.

"ಎಲ್ಲಿ ಹೋಗಿದ್ರಿ?"

"ಹೆಂಡತಿ ತವರಿಗೆ ಸಾರ್. ಮಗು ನೋಡೋಕೆ."

"ಮಗು ಎಷ್ಟು ದೊಡ್ಡದು?"

"ನಾಲ್ಕು ತಿಂಗಳು. ನಾನು ನೋಡಿದ್ದು ಎರಡೇ ಸಲ. ಎರಡು ಸಲವೂ ಸಂಜೆ ಬಸ್ಸಿಗೇ ವಾಪಸ್ಸು."

"ಯಾಕೆ?"

"ಕರೆಂಟು ಸಾರ್."

ಉಗ್ರಾಣದ ಕೊಠಡಿಯ ತಾಪಮಾನ ಏರಿದರೆ ಸ್ಟೋರ್‌ಕೀಪರ್‌ನ ಫೋನಿನಲ್ಲಿ ಗಂಟೆ ಹೊಡೆಯುವ ಒಂದು ಸಾಫ್ಟ್‌ವೇರ್ ಇತ್ತು. ಅದರಲ್ಲಿ ಒಂದು ದೋಷ. ವಿದ್ಯುತ್ ಹೋಗಿ ಮತ್ತೆ ಬಂದರೆ ಗಂಟೆ ಸುಮ್ಮನಾಗಿಬಿಡುತ್ತಿತ್ತು. ಆಮೇಲೆ ಕೊಠಡಿ ಬೆಂಕಿಯಂತೆ ಕಾದರೂ ಫೋನು ಮಾತಾಡುತ್ತಿರಲಿಲ್ಲ. ಹೀಗಾಗಿ ಎಂಟು ತಿಂಗಳಿಂದ ಊರಿನಲ್ಲಿ ದೀಪ ಹೋದಾಗಲೆಲ್ಲ, ರಜೆಯಿರಲಿ ಜ್ವರವಿರಲಿ, ಅವನು ಸೈಕಲ್ ಹತ್ತಿ ಬಂದು ಕೊಠಡಿಯನ್ನು ಕಣ್ಣಾರೆ ನೋಡಿ ಹೋಗುತ್ತಿದ್ದ.

"ಮತ್ತೆ ಈ ಸಲ ಯಾವ ಧೈರ್ಯದ ಮೇಲೆ ರಾತ್ರಿ ಉಳ್ಕೊಂಡ್ರಿ?"

"ಸರಿ ಮಾಡಿದೀವಿ ಅಂತ ಬರೆದಿದ್ರು ಸಾರ್. ಕಂಪನಿ ವೆಬ್‌ಸೈಟಲ್ಲಿ. ಪ್ರತಿ ವರ್ಷನ್ ಬಂದಾಗ್ಲೂ ಏನೇನು ಸರಿ ಮಾಡಿದ್ರು ಅಂತ ಒಂದು ರಿಲೀಸ್ ನೋಟ್ ಹಾಕ್ತಾರೆ. ನಾನು ಆ ಒಂದು ಸಾಲಿಗೋಸ್ಕರ ಎಂಟು ತಿಂಗಳಿಂದ ಓದ್ತಾ ಇದೀನಿ. ಐದು ಪಾಯಿಂಟ್ ಎಂಟರಲ್ಲಿ ಬಂತು."

"ಬಂದಿಲ್ಲ," ಎಂದರು ವೈದ್ಯೆ. "ನಾನೇ ನೋಡಿದೆ. ಅಂಥ ಪುಟಾನೇ ಇಲ್ಲ. ತಪ್ಪಿಸ್ಕೊಳ್ಳೋಕೆ ಕತೆ ಕಟ್ತಿದಾನೆ."

ಇನ್ಸ್‌ಪೆಕ್ಟರ್ ಒಳಗೆ ನೋಡಿ, "ಪಾಸ್‌ವರ್ಡ್!" ಎಂದು ಕೂಗಿದರು. ಠಾಣೆಯ ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿದ್ದವನು ಆ ಯುವ ಪೇದೆ ಒಬ್ಬನೇ. ದಿನಕ್ಕೆ ಹತ್ತು ಸಲ ಹಾಗೆ ಕೂಗಿ ಕೂಗಿ ಈಗ ಅದೇ ಅವನ ಹೆಸರಾಗಿತ್ತು.

ಪಾಸ್‌ವರ್ಡ್ ಕಂಪನಿಯ ವೆಬ್‌ಸೈಟ್ ತೆರೆದ. ಹಳೆಯ ಆವೃತ್ತಿಗಳ ಟಿಪ್ಪಣಿಗಳೆಲ್ಲ ಸಾಲಾಗಿ ಇದ್ದವು. ಕೊನೆಯದು ೫.೭.

"ನಿಮ್ಮ ಕಂಪ್ಯೂಟರಲ್ಲಿ ಈಗ ಇರೋದು ಯಾವ ವರ್ಷನ್ನು?" ಎಂದು ಅವನು ಸ್ಟೋರ್‌ಕೀಪರ್‌ನನ್ನು ಕೇಳಿದ.

"ಐದು ಪಾಯಿಂಟ್ ಎಂಟು."

ಪಾಸ್‌ವರ್ಡ್ ಇನ್ಸ್‌ಪೆಕ್ಟರ್ ಮುಖ ನೋಡಿದ. "ಸಾರ್, ಮೊದಲಿಂದ ಒಂದಕ್ಕೂ ಟಿಪ್ಪಣಿ ತಪ್ಪಿಲ್ಲ. ಇದೊಂದಕ್ಕೆ ಮಾತ್ರ ಇಲ್ಲ."

"ಆ ಪುಟದಲ್ಲಿ ಏನಿತ್ತು? ನೆನಪಿರೋಷ್ಟು ಹೇಳಿ," ಎಂದರು ಇನ್ಸ್‌ಪೆಕ್ಟರ್.

"ನಾಲ್ಕು ಸಾಲು ಸಾರ್. ಮೊದಲೆರಡು ವರದಿ ಮುದ್ರಿಸೋದರ ವಿಚಾರ. ಮೂರನೇದು ನಂದು, ಗಂಟೇದು. ನಾಲ್ಕನೇದು..." ಅವನು ತಡವರಿಸಿದ.

"ಹೇಳಿ."

"ಎಂಜಿನಿಯರ್ ಏಳು ಗಂಟೆಗೆ ಮನೆಗೆ ಬರುತ್ತಾರೆ ಅಂತ ಇತ್ತು."

ಪಾಸ್‌ವರ್ಡ್ ನಕ್ಕುಬಿಟ್ಟ. "ಯಾರ ಮನೆಗೆ?"

"ಗಿರಾಕಿಗಳ ಮನೆಗೆ ಅಂದ್ಕೊಂಡೆ. ಯಾವತ್ತು ಅಂತ ಬರೆದಿರಲಿಲ್ಲ. ಬುಧವಾರ, ಗುರುವಾರ ಎರಡು ದಿನ ಏಳು ಗಂಟೆಗೆ ಬಾಗಿಲು ತೆಗೆದಿಟ್ಟು ಕಾದಿದ್ದೆ. ಯಾರೂ ಬರಲಿಲ್ಲ."

"ನೋಡಿದ್ರಾ!" ಎಂದರು ವೈದ್ಯೆ.

ಇನ್ಸ್‌ಪೆಕ್ಟರ್ ನಗಲಿಲ್ಲ. ಸುಳ್ಳು ಹೇಳುವವರು ನಂಬುವಂಥದ್ದನ್ನು ಹೇಳುತ್ತಾರೆ ಎಂಬುದು ಅವರ ಅನುಭವ. ವೈದ್ಯೆಯ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದ ಆರೋಪ ಸ್ಟೋರ್‌ಕೀಪರ್‌ನ ಮೇಲೆಯೇ ಬಿತ್ತು. ಪುಟ ಸಿಕ್ಕರೆ ಅವನು ಉಳಿಯುತ್ತಿದ್ದ. ಸಿಗದಿದ್ದರೆ ಕೆಲಸ ಹೋಗುತ್ತಿತ್ತು, ಜೈಲೂ ಆಗಬಹುದಿತ್ತು.

"ಊರು ಬಿಟ್ಟು ಹೋಗೋ ಹಾಗಿಲ್ಲ," ಎಂದರು ಇನ್ಸ್‌ಪೆಕ್ಟರ್.

"ಇಷ್ಟು ದಿನವೂ ಅದೇ ಆಗಿದ್ದು ಸಾರ್," ಎಂದ ಅವನು.

ಮಧ್ಯಾಹ್ನ ಉಗ್ರಾಣದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಗೇಟಿನ ಹೊರಗೆ ಮಕ್ಕಳನ್ನೆತ್ತಿಕೊಂಡ ತಾಯಂದಿರು ನಿಂತಿದ್ದರು. ಇವತ್ತು ಲಸಿಕೆ ಇಲ್ಲ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದು ಕಾವಲುಗಾರ ಪ್ರತಿಯೊಬ್ಬರಿಗೂ ಹೇಳುತ್ತಿದ್ದ. "ರಜ ಹಾಕಿ ಬಂದಿದೀನಪ್ಪಾ, ಇನ್ನೊಂದು ಸಲ ಯಾರು ರಜ ಕೊಡ್ತಾರೆ, ನೀನು ಕೊಡ್ತೀಯಾ?" ಎಂದು ಒಬ್ಬಾಕೆ ಜಗಳಕ್ಕೆ ನಿಂತಿದ್ದಳು.

ಕೊಠಡಿಯೊಳಗೆ ಚಳಿ ಇರಲಿಲ್ಲ. ಗೋಡೆಯಿಂದ ನೀರಿಳಿದು ರಟ್ಟಿನ ಪೆಟ್ಟಿಗೆಗಳು ಮೆತ್ತಗಾಗಿದ್ದವು. ಶನಿವಾರ ಸಂಜೆ ಆ ಬೀದಿಯಲ್ಲಿ ವಿದ್ಯುತ್ ಹೋಗಿ, ಮುಕ್ಕಾಲು ಗಂಟೆಯ ನಂತರ ಬಂದದ್ದು ಖಚಿತವಾಯಿತು. ಬಂದ ರಭಸಕ್ಕೆ ತಂಪುಯಂತ್ರದ ಸ್ವಿಚ್ಚು ತಾನಾಗಿ ಕೆಳಗೆ ಬಿದ್ದು ಆರಿತ್ತು. ಅದನ್ನು ಮೇಲಕ್ಕೆತ್ತಿದ್ದರೆ ಸಾಕಿತ್ತು. ಎತ್ತಲು ಯಾರೂ ಇರಲಿಲ್ಲ. ಗಂಟೆಯೂ ಹೊಡೆದಿರಲಿಲ್ಲ.

ಮಾರ್ಚ್ ೧೭, ಮಂಗಳವಾರ, ಬೆಳಗ್ಗೆ ೧೦ಕ್ಕೆ ಇನ್ಸ್‌ಪೆಕ್ಟರ್, ಪಾಸ್‌ವರ್ಡ್ ಮತ್ತು ಒಬ್ಬ ಮಹಿಳಾ ಪೇದೆ ಕಂಪನಿಗೆ ಹೋದರು. ಕನ್ನಡಕದ ಅಂಗಡಿಯ ಮೇಲಿನ ಮಹಡಿ. ಹದಿನಾಲ್ಕು ಮೇಜು, ಒಂದು ಕಾಫಿ ಯಂತ್ರ. ಕಿಟಕಿಯ ಪಕ್ಕದ ಎರಡು ಮೇಜುಗಳನ್ನು ಎದುರುಬದುರಾಗಿ ಅಂಟಿಸಿ ಇಟ್ಟಿದ್ದರು. ಎರಡೂ ಖಾಲಿ.

"ಐದು ಪಾಯಿಂಟ್ ಎಂಟರ ಟಿಪ್ಪಣಿ ಎಲ್ಲಿ?" ಎಂದು ಇನ್ಸ್‌ಪೆಕ್ಟರ್ ಮಾಲೀಕನನ್ನು ಕೇಳಿದರು.

"ಅದು ಸಣ್ಣ ವರ್ಷನ್ನು. ಹಾಕಿರಲಿಲ್ಲ ಅನ್ಸುತ್ತೆ."

"ಅನ್ಸುತ್ತೋ, ಹಾಕಿರಲಿಲ್ವೋ?"

"ಹಾಕಿರಲಿಲ್ಲ."

ಪಾಸ್‌ವರ್ಡ್ ಸುಮ್ಮನೆ ಒಂದು ಪ್ರಶ್ನೆ ಕೇಳಿದ. "ವೆಬ್‌ಸೈಟಿಗೆ ದಿನಾ ಬ್ಯಾಕಪ್ ತಗೋತೀರಲ್ವಾ ಸಾರ್?"

ಮಾಲೀಕ ನೀರು ಕುಡಿದ.

ಹತ್ತೇ ನಿಮಿಷದಲ್ಲಿ, ದಿನಾ ತೆಗೆದಿಟ್ಟ ಆ ಪ್ರತಿಗಳಲ್ಲಿ ಪುಟ ಸಿಕ್ಕಿತು. ಸ್ಟೋರ್‌ಕೀಪರ್ ಹೇಳಿದ್ದಕ್ಕೆ ಒಂದು ಸಾಲು ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೂರನೆಯ ಸಾಲು: ವಿದ್ಯುತ್ ಹೋಗಿ ಬಂದ ನಂತರ ಎಚ್ಚರಿಕೆ ಗಂಟೆ ನಿಂತುಹೋಗುತ್ತಿದ್ದ ದೋಷವನ್ನು ಸರಿಪಡಿಸಲಾಗಿದೆ.

ನಾಲ್ಕನೆಯ ಸಾಲು: ಎಂಜಿನಿಯರ್ ಏಳು ಗಂಟೆಗೆ ಮನೆಗೆ ಬರುತ್ತಾರೆ.

ಪುಟ ಅಳಿಸಿಹೋದದ್ದು ಭಾನುವಾರ ಸಂಜೆ, ಸ್ಟೋರ್‌ಕೀಪರ್ ಗಾಬರಿಯಲ್ಲಿ ಕಂಪನಿಗೆ ಫೋನ್ ಮಾಡಿದ ಕಾಲು ಗಂಟೆಯ ಮೇಲೆ.

"ಅಳಿಸಿದ್ದು ನಾನೇ," ಎಂದ ಮಾಲೀಕ. "ಆದ್ರೆ ಬರೆಸಿದ್ದು ನಾನಲ್ಲ. ನಾನು ಮೂರನೇದನ್ನ 'ಬಾಕಿ' ಅಂತ ಬರೆಯೋಕೆ ಹೇಳಿದ್ದೆ. ಆ ಕೆಲಸ ಆಗಿರಲಿಲ್ಲ. ಮಾಡ್ತಿದ್ದ ಎಂಜಿನಿಯರೇ ಇಲ್ಲ ಅಂದ ಮೇಲೆ ಹೇಗಾಗುತ್ತೆ?"

"ಇಲ್ಲ ಅಂದ್ರೆ?"

"ತೀರ್ಕೊಂಡ್ರು. ಫೆಬ್ರವರಿ ಇಪ್ಪತ್ತಾರು. ಈ ಮೆಟ್ಟಿಲ ಮೇಲೇ ಕುಸಿದ್ರು. ಮೂವತ್ಮೂರು ವರ್ಷ."

ಪಾಸ್‌ವರ್ಡ್ ಪರದೆಯಿಂದ ತಲೆ ಎತ್ತಿದ. "ಸಾರ್, ಇಲ್ಲಿ ಬರೆದವರೇ ಪ್ರಕಟಿಸೋ ಹಾಗಿಲ್ಲ. ಒಬ್ಬರು ಬರೀಬೇಕು, ಎಂಜಿನಿಯರ್ 'ಒಪ್ಪಿದೆ' ಅಂತ ಒತ್ತಬೇಕು. ಒತ್ತಿರೋದು ಅವರೇ. ತೀರ್ಕೊಂಡೋರು. ಮಾರ್ಚ್ ನಾಲ್ಕು, ಹತ್ತು ಇಪ್ಪತ್ತಕ್ಕೆ. ಅವರದೇ ಕಂಪ್ಯೂಟರಿಂದ."

ಕಚೇರಿಯಲ್ಲಿ ಕೀಲಿಮಣೆಗಳ ಸದ್ದು ನಿಂತಿತು.

"ಆ ಬೆಳಗ್ಗೆ ಆ ಕುರ್ಚಿಯಲ್ಲಿ ಯಾರು ಕೂತಿದ್ರು?" ಎಂದು ಇನ್ಸ್‌ಪೆಕ್ಟರ್ ಎಲ್ಲರನ್ನೂ ಕೇಳಿದರು.

ಮೂಲೆಯಲ್ಲಿದ್ದ ಹುಡುಗಿ, ಸಾಫ್ಟ್‌ವೇರ್ ಪರೀಕ್ಷೆ ಮಾಡುವವಳು, ಎದ್ದು ನಿಂತಳು. ಶಾಲೆಯಲ್ಲಿ ಮೇಷ್ಟ್ರು ಕರೆದಂತೆ.

"ಅಕ್ಕ ಸಾರ್."

"ಯಾವ ಅಕ್ಕ?"

"ಟಿಪ್ಪಣಿ ಬರೆಯೋರು. ಅವರ ಹೆಂಡತಿ. ಅವತ್ತು ಮೊದಲ ದಿನ ವಾಪಸ್ ಬಂದಿದ್ರು. ತಮ್ಮ ಜಾಗ ಬಿಟ್ಟು ಎದುರಿಗೆ ಹೋಗಿ ಕೂತ್ರು. ಏನು ಹೇಳೋದು ಅಂತ ನಮಗೆ ತಿಳೀಲಿಲ್ಲ. ಕೂತ್ಕೊಳ್ಳಲಿ ಅಂತ ಬಿಟ್ವಿ. ಕಾಫಿ ಕೊಟ್ಟಿದ್ದು ನಾನೇ."

"ಎಷ್ಟು ಹೊತ್ತು ಕೂತಿದ್ರು?"

"ಸಂಜೆವರೆಗೂ. ನಾವೆಲ್ಲ ಹೊರಟಾಗಲೂ ಕೂತೇ ಇದ್ರು."

ಪಾಸ್‌ವರ್ಡ್ ಹಳೆಯ ಟಿಪ್ಪಣಿಗಳ ಕರಡು ತೆಗೆದು ನೋಡುತ್ತಿದ್ದ. ಪ್ರಕಟವಾದ ಪುಟಗಳಲ್ಲಿ ಇಲ್ಲದ ಒಂದೊಂದು ಕೊನೆಯ ಸಾಲು ಪ್ರತಿ ಕರಡಿನಲ್ಲೂ ಇತ್ತು. ಎಂಜಿನಿಯರ್ ಶನಿವಾರ ಕಿಟಕಿ ಒರೆಸುತ್ತಾರೆ. ಎಂಜಿನಿಯರ್ ತಮ್ಮ ಅಮ್ಮನಿಗೆ ಫೋನ್ ಮಾಡುತ್ತಾರೆ. ಎಂಜಿನಿಯರ್ ಹಲ್ಲಿನ ಡಾಕ್ಟರ ಬಳಿ ಹೋಗಿ ಬರುತ್ತಾರೆ. ಪ್ರತಿ ಸಲವೂ 'ಒಪ್ಪಿದೆ' ಒತ್ತುವ ಮುನ್ನ ಎಂಜಿನಿಯರ್ ಆ ಸಾಲನ್ನು ಅಳಿಸಿದ್ದರು.

"ಇದೇನಮ್ಮಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಅದು ಅವರಿಬ್ಬರ ತಮಾಷೆ ಸಾರ್. ಅಕ್ಕ ಬರೀತಿದ್ರು. ಅಣ್ಣ ಅದನ್ನ ಮಾಡಿ ಮುಗಿಸಿ, ಆಮೇಲೆ ಅಳಿಸೋರು. ಮಾಡದೆ ಅಳಿಸ್ತಿರಲಿಲ್ಲ." ಹುಡುಗಿ ನಗಲು ಹೋಗಿ ಮುಖ ತಿರುಗಿಸಿದಳು. "ಹಲ್ಲಿನ ಡಾಕ್ಟರಿಗೆ ಮಾತ್ರ ಮೂರು ವರ್ಷನ್ ಹಿಡೀತು."

ಅಳಿಸುವ ಕೆಲಸ ಗಂಡನದು. ಮಾರ್ಚ್ ೪ರಂದು ನಾಲ್ಕನೆಯ ಸಾಲನ್ನು ಅಳಿಸಲು ಯಾರೂ ಇರಲಿಲ್ಲ. ಬರೆದವಳಿಗೆ ಅಳಿಸಿ ಅಭ್ಯಾಸವಿರಲಿಲ್ಲ.

ಅವಳು ಸೋಮವಾರದಿಂದ ಕೆಲಸಕ್ಕೆ ಬಂದಿರಲಿಲ್ಲ. ಮನೆ ಎರಡು ಬೀದಿ ಆಚೆ, ಮೂರನೆಯ ಮಹಡಿ. ಬಾಗಿಲು ತೆರೆದವರು ಅವಳ ಅತ್ತೆ.

"ಮಲಗಿಲ್ಲ, ಬನ್ನಿ," ಎಂದರು. ಆಮೇಲೆ ಸಮವಸ್ತ್ರ ನೋಡಿ, "ಮೊನ್ನೆ ಇವಳನ್ನ ನೋಡೋಕೆ ಬಂದಿದ್ದು ಡಾಕ್ಟರು, ಇವತ್ತು ನೀವು. ನಮ್ಮನೆಗೆ ಇನ್ನು ಯಾರು ಬರೋದು ಬಾಕಿ?" ಎಂದರು.

"ಅತ್ತೆ, ಒಳಗಿರಿ," ಎಂದಳು ಅವಳು. ಸಣ್ಣ ದನಿ. ಇಪ್ಪತ್ತೊಂಬತ್ತರ ವಯಸ್ಸು. ಗಂಡಸರ ಅಂಗಿ ತೊಟ್ಟಿದ್ದಳು, ತೋಳು ಮಡಚಿ.

ಇನ್ಸ್‌ಪೆಕ್ಟರ್ ಪುಟದ ಮುದ್ರಿತ ಪ್ರತಿಯನ್ನು ಮೇಜಿನ ಮೇಲಿಟ್ಟರು.

"ಇದು ನೀವು ಬರೆದದ್ದಾ?"

"ಹೌದು."

"ಒಪ್ಪಿಗೆ ಒತ್ತಿದ್ದು?"

"ನಾನೇ."

"ನಿಮ್ಮೆಜಮಾನರ ಪಾಸ್‌ವರ್ಡ್ ನಿಮಗೆ ಹೇಗೆ ಗೊತ್ತು?"

"ನನ್ನ ಹುಟ್ಟಿದ ದಿನ."

ಪಾಸ್‌ವರ್ಡ್ ತನ್ನ ಹೆಸರು ಕೇಳಿದವನಂತೆ ತಲೆಯೆತ್ತಿ, ಮತ್ತೆ ತಗ್ಗಿಸಿದ.

"ಮೂರನೇ ಸಾಲು ಸುಳ್ಳು ಅಂತ ಗೊತ್ತಿತ್ತಾ?"

"ಬರೆದಾಗ ಎಲ್ಲವೂ ಸುಳ್ಳೇ."

"ಅರ್ಥ ಆಗಲಿಲ್ಲ."

"ನಾವು ಹಾಗೇ ಕೆಲಸ ಮಾಡ್ತೀವಿ. ಬೇರೆ ಕಡೆ ಮೊದಲು ಸರಿ ಮಾಡ್ತಾರೆ, ಆಮೇಲೆ ಟಿಪ್ಪಣಿ ಬರೀತಾರೆ. ನಮ್ಮಲ್ಲಿ ಮೊದಲು ನಾನು ಬರೀತೀನಿ. ಸೋಮವಾರ. ಸರಿಪಡಿಸಲಾಗಿದೆ ಅಂತಲೇ ಬರೀತೀನಿ. ಅವರು ಅದನ್ನ ಪರದೆ ಮೂಲೆಯಲ್ಲಿ ಇಟ್ಕೊಂಡು ಒಂದೊಂದೇ ಸಾಲು ಮುಗಿಸ್ತಾರೆ. ಒಂದು ನಿಜ ಆಯ್ತು ಕಣೇ, ಅಂತ ಕೂಗ್ತಾರೆ. ಎಲ್ಲ ನಿಜ ಆದ ಮೇಲೆ ಒತ್ತೋದು."

"ಆಗದೇ ಇದ್ರೆ?"

"ಆರು ವರ್ಷದಲ್ಲಿ ಆಗದೇ ಇದ್ದದ್ದಿಲ್ಲ."

"ಗಂಟೆಯ ದೋಷ ಎಂಟು ತಿಂಗಳಿಂದ ಇತ್ತಲ್ಲ?"

"ಅದನ್ನ ಬರೀಬೇಡ, ಇನ್ನೂ ಗುಟ್ಟು ಸಿಕ್ಕಿಲ್ಲ ಅಂತಿದ್ರು. ಫೆಬ್ರವರಿ ಕೊನೇಲಿ, ಈ ಸಲ ಬರಿ, ಸಿಕ್ತು ಅಂದ್ರು." ಅವಳು ಅಂಗಿಯ ತೋಳನ್ನು ಇನ್ನೊಂದು ಸುತ್ತು ಮಡಚಿದಳು. "ಬರೆದೆ."

"ಮಾಲೀಕರು ಬಾಕಿ ಅಂತ ಬರೆಯೋಕೆ ಹೇಳಿದ್ರಲ್ಲ."

"ಹೇಳಿದ್ರು. ಆ ಪದ ಕೈಗೆ ಬರಲಿಲ್ಲ."

"ಇದನ್ನ ಓದಿ ಯಾರಾದ್ರೂ ನಂಬ್ತಾರೆ ಅಂತ ಅನ್ನಿಸಲಿಲ್ವಾ?"

"ಇಲ್ಲ. ಟಿಪ್ಪಣಿ ಯಾರೂ ಓದಲ್ಲ. ನಾನು ಬರೀತೀನಿ, ಅವರು ಓದ್ತಾರೆ. ಅಷ್ಟೇ ಅಂದ್ಕೊಂಡಿದ್ದೆ."

"ಒಬ್ಬ ಓದ್ತಿದ್ದ," ಎಂದರು ಇನ್ಸ್‌ಪೆಕ್ಟರ್. ಯಾರು, ಯಾಕೆ, ಏನಾಯಿತು ಎಂಬುದನ್ನು ಹೇಳಿದರು. ಮಗುವಿನ ವಿಷಯವನ್ನೂ, ಗೇಟಿನ ಹೊರಗೆ ನಿಂತಿದ್ದವರ ವಿಷಯವನ್ನೂ ಬಿಡಲಿಲ್ಲ. ಏಳು ಗಂಟೆಗೆ ಬಾಗಿಲು ತೆಗೆದಿಟ್ಟು ಕಾದದ್ದನ್ನು ಹೇಳುವಾಗ ಅವಳು ಮೊದಲ ಬಾರಿ ಅವರ ಮುಖ ನೋಡಿದಳು.

"ಅವರೂ ಕಾದ್ರಾ?" ಎಂದಳು.

ಮಹಿಳಾ ಪೇದೆ ಒಂದು ಲೋಟ ನೀರು ತಂದುಕೊಟ್ಟಳು. ಅದನ್ನು ಅವಳು ಮುಟ್ಟಲಿಲ್ಲ.

ಇಬ್ಬರು ನೆರೆಯವರನ್ನು ಪಂಚರಾಗಿ ಕರೆದು ಮನೆಯ ಪಂಚನಾಮೆ ಮಾಡಲಾಯಿತು. ಒಂದು ಲ್ಯಾಪ್‌ಟಾಪ್, ಎರಡು ಫೋನು. ಫೋನುಗಳಲ್ಲಿ ಒಂದು ಚಾರ್ಜಿಗಿತ್ತು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಸಂದಿಯಿಂದ ತೆಳ್ಳಗಿನ ಒಂದು ತಂತಿ ಹೊರಬಂದು, ಕಪಾಟಿನ ಮೇಲಿನ ಸಣ್ಣ ಪೆಟ್ಟಿಗೆಯೊಂದಕ್ಕೆ ಸೇರಿತ್ತು. ಒಳಗೆ, ಮೊಸರಿನ ಪಾತ್ರೆಗೆ ಒರಗಿಕೊಂಡು, ತಂತಿಯ ತುದಿಯಲ್ಲಿ ಬೆರಳುದ್ದದ ಉಕ್ಕಿನ ಕಡ್ಡಿ. ಪೆಟ್ಟಿಗೆಯ ಮೇಲೆ ಲಸಿಕೆ ಉಗ್ರಾಣದ ಮುದ್ರೆ.

"ಇದೇನು?"

"ತಾಪಮಾನ ಅಳೆಯೋದು. ಉಗ್ರಾಣದ್ದು. ಅವರ ಹತ್ರ ಹೆಚ್ಚಿಗೆ ಒಂದಿತ್ತಂತೆ, ಕೇಳಿ ತಂದಿದ್ರು. ಇಲ್ಲಿ ಮೇನ್ ಸ್ವಿಚ್ ಆರಿಸಿ, ಹಾಕಿ, ನೋಡ್ತಿದ್ರು. ಅತ್ತೆ ಬೈತಿದ್ರು, ಹಾಲು ಒಡೀತದೆ ಅಂತ."

"ಈ ಫ್ರಿಜ್ಜು ನಾನು ಮುಚ್ಚೋಕೆ ಹೋದ್ರೆ ಇವಳು ಬಿಡಲ್ಲ," ಎಂದರು ಅತ್ತೆ ಬಾಗಿಲಲ್ಲಿ ನಿಂತು. "ತಂತಿ ಕಡಿದುಹೋಗ್ತದೆ ಅಂತಾಳೆ. ನಾನೂ ಬಿಟ್ಟೆ. ಇರಲಿ ಬಿಡು, ಏನಾಗ್ತದೆ."

ಇನ್ಸ್‌ಪೆಕ್ಟರ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಪ್ರಕರಣಕ್ಕೆ ಅದರಿಂದ ಏನೂ ಸಿಗುವುದಿರಲಿಲ್ಲ. ಜಪ್ತಿ ಮಾಡಲಿಲ್ಲ.

ಮಧ್ಯಾಹ್ನ ೨.೧೫ಕ್ಕೆ ಬಂಧನದ ಕಾರಣಗಳನ್ನು ಅವಳಿಗೆ ಓದಿ ಹೇಳಲಾಯಿತು. ಬೇರೊಬ್ಬರ ಗುರುತನ್ನು ಬಳಸಿ ಸುಳ್ಳು ಮಾಹಿತಿ ಪ್ರಕಟಿಸಿದ್ದು. ಸಾಕ್ಷ್ಯ ನಾಶದ ಆರೋಪದ ಮೇಲೆ ಮಾಲೀಕನನ್ನು ಎರಡನೆಯ ಆರೋಪಿಯಾಗಿ ಸೇರಿಸಲಾಯಿತು. ಸ್ಟೋರ್‌ಕೀಪರ್‌ನನ್ನು ಪ್ರಕರಣದಿಂದ ಕೈಬಿಟ್ಟು, ಸಾಕ್ಷಿ ಎಂದು ತೋರಿಸಲಾಯಿತು. ಪಾಸ್‌ವರ್ಡ್ ಫೋನಿನಲ್ಲಿ ವೈದ್ಯೆಗೆ ಪುಟವನ್ನು ಓದಿ ಹೇಳಿದ. ಅವರು "ನಾಲ್ಕನೇ ಸಾಲೂ ಇತ್ತಾ?" ಎಂದು ಕೇಳಿ, "ಹಾಗಿದ್ರೆ ಅವನನ್ನ ಕೆಲಸಕ್ಕೆ ಬರೋಕೆ ಹೇಳ್ತೀನಿ," ಎಂದರು.

ಉದ್ದೇಶದ ಬಗ್ಗೆ ವರದಿಯಲ್ಲಿ ಏನಾದರೂ ಬರೆಯಬೇಕಿತ್ತು. ಇನ್ಸ್‌ಪೆಕ್ಟರ್ ಎರಡು ಸಲ ಬರೆದು ಹೊಡೆದುಹಾಕಿದರು. ಕೊನೆಗೆ ಉಳಿದದ್ದು ಇಷ್ಟು: ಲಾಭದ ಉದ್ದೇಶ ಕಂಡುಬಂದಿಲ್ಲ. ಆರೋಪಿಯು ಬರೆದುದನ್ನು ಮೃತರು ನಿಜ ಮಾಡುತ್ತಿದ್ದರು. ಈ ಸಲವೂ ಮಾಡುವರೆಂದು ಆರೋಪಿಯು ಸಂಜೆಯವರೆಗೆ ಕಾದಿರುತ್ತಾರೆ.

ಜೀಪು ಹತ್ತುವ ಮುಂಚೆ ಅವಳು ನಿಂತಳು.

"ಒಂದು ಸಾಮಾನು ವಾಪಸ್ ಕೊಡೋದಿದೆ. ದಾರಿಯಲ್ಲೇ ಸಿಗುತ್ತೆ."

ಇನ್ಸ್‌ಪೆಕ್ಟರ್ ಮಹಿಳಾ ಪೇದೆಯ ಕಡೆ ನೋಡಿದರು. ಪೇದೆ ಮೇಲಕ್ಕೆ ಹೋಗಿ, ಫ್ರಿಜ್ಜಿನಿಂದ ಕಡ್ಡಿಯನ್ನು ಬಿಡಿಸಿ, ಪೆಟ್ಟಿಗೆಯನ್ನು ತಂದಳು. ಅತ್ತೆ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು ಮೆಟ್ಟಿಲವರೆಗೂ ಕೇಳಿಸಿತು.

ಉಗ್ರಾಣದಲ್ಲಿ ಸ್ಟೋರ್‌ಕೀಪರ್ ಪ್ಯಾಂಟು ಮಡಚಿಕೊಂಡು ಖಾಲಿ ಕೊಠಡಿಯನ್ನು ತೊಳೆಯುತ್ತಿದ್ದ. ಜೀಪು ನೋಡಿ ಪೊರಕೆ ಕೆಳಗಿಟ್ಟ. ಮಹಿಳಾ ಪೇದೆಯ ಪಕ್ಕದಲ್ಲಿ ಅವಳು ಇಳಿದು ಬಂದಳು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತಂತಿಯನ್ನು ದಾರಿಯುದ್ದಕ್ಕೂ ಒಂದೊಂದೇ ಸುತ್ತು ಸುತ್ತಿ, ನೀಟಾಗಿ ಕಟ್ಟಿದ್ದಳು.

ಅವನು ಪೆಟ್ಟಿಗೆಯ ಗುರುತು ಹಿಡಿದ. ಅವಳ ಗುರುತು ಅವನಿಗಿರಲಿಲ್ಲ.

"ಓ, ಇದು ಎಂಜಿನಿಯರ್ ಸಾರ್ ತಗೊಂಡು ಹೋಗಿದ್ದಲ್ವಾ? ತಾವೇ ತಂದುಕೊಡ್ತೀನಿ ಅಂದಿದ್ರು. ನೀವು..."

"ಅವರ ಹೆಂಡತಿ. ಟಿಪ್ಪಣಿ ಬರೆದೋಳು ನಾನೇ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಬಹಳ ಹೇಳುವುದಿತ್ತು ಎಂದು ಅವನ ಮುಖ ಹೇಳುತ್ತಿತ್ತು. ಅವಳ ಪಕ್ಕದ ಪೇದೆಯನ್ನೂ ಹಿಂದಿನ ಜೀಪನ್ನೂ ನೋಡಿದ. ಬಾಯಿಗೆ ಬಂದದ್ದು ಬೇರೆಯೇ.

"ಸಾರ್ ಬರಲಿಲ್ವಾ?"

"ತೀರ್ಕೊಂಡ್ರು," ಎಂದಳು ಅವಳು.

ಇಡೀ ತನಿಖೆಯಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಜೀಪಿನಲ್ಲಿದ್ದ ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದರು.

ಸ್ಟೋರ್‌ಕೀಪರ್ ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ. ಅವಳೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಕೊಠಡಿಯಿಂದ ನೀರು ಹರಿದು ಬಂದು ಇಬ್ಬರ ಕಾಲಡಿ ನಿಂತಿತು.

"ಮತ್ತೆ ಇದು?" ಎಂದು ಅವನು ಮೆಲ್ಲಗೆ ಕೇಳಿದ. "ಆ ಗಂಟೇದು?"

"ಆಗಿಲ್ಲ," ಎಂದಳು. "ಸರಿಯಾಗಿಲ್ಲ. ಕರೆಂಟು ಹೋಗಿ ಬಂದ್ರೆ ಹೊಡೆಯಲ್ಲ. ನೀವೇ ಬಂದು ನೋಡ್ಬೇಕು."

ಅವನು ತಲೆಯಾಡಿಸಿ, ಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡ.